ಬ್ರೇಕಿಗೆ ಔಡಲೆಣ್ಣೆ

ನಾನು ಕಮಲಾಪುರ ಮುಟ್ಟುವಷ್ಟರಲ್ಲಿ ಲಾರಿಯನ್ನು ತೊಳೆದುಬಿಟ್ಟಿದ್ದರು. ಪಂಚನಾಮೆಗೆ ಕರೆತಂದ ಊರ ಹಿರಿಯರು ರಕ್ತ ಮೆತ್ತಿದ ಗಾಡಿಯ ಹತ್ತಿರ ಕೂರಲು ಒಪ್ಪಲಿಲ್ಲವಂತೆ. ಅದಕ್ಕೇ ಪೊಲೀಸ್ ಅಮೀನರು ಕೊಡಗಟ್ಟಲೆ ನೀರು ಹೊಯ್ಯಿಸಿ, ಚಕ್ರಗಳನ್ನು ಬೂದಿ ಹಚ್ಚಿ ತಿಕ್ಕಿಸಿ, ಆಮೇಲೆ ನನ್ನನ್ನು ಕರೆಸಿದ್ದರು. ಲಾರಿ ಮದುವೆಗೆ ಹೊರಟ ಹಾಗೆ ಥಳಥಳ ಹೊಳೆಯುತ್ತ ಚಾವಡಿಯ ಮುಂದೆ ನಿಂತಿತ್ತು. ನನಗೆ ಮೈ ಉರಿದುಹೋಯಿತು.

ನಿಜಾಮರ ಸರಕಾರದ ರಸ್ತೆ ಇಲಾಖೆಗೆ ಕಲಬುರ್ಗಿಯಲ್ಲಿ ಒಂದು ಕಾರ್ಖಾನೆ ಇತ್ತು. ನಾನು ಅಲ್ಲಿ ಮಿಸ್ತ್ರಿ. ಲಾರಿಗಳು ನಮ್ಮ ಕಡೆ ಹೊಸದಾಗಿ ಬಂದ ಕಾಲ. ಅವುಗಳ ಹೊಟ್ಟೆ ಬಿಚ್ಚಿ ನೋಡಬಲ್ಲ ಸರಕಾರಿ ನೌಕರ ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ, ಅಪಘಾತವಾದಾಗ ಅದಾಲತ್ತು ನನ್ನನ್ನೇ ಕಳಿಸುತ್ತಿತ್ತು. ತಪ್ಪು ಯಂತ್ರದ್ದೋ ಮನುಷ್ಯನದ್ದೋ ಎಂದು ನಾನು ಬರೆದುಕೊಡಬೇಕು. ಮನುಷ್ಯನದ್ದಾದರೆ ಯಾವ ಮನುಷ್ಯನದ್ದು ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ.

ನಡೆದದ್ದು ಇಷ್ಟು. ಕಲಬುರ್ಗಿಯ ಗಂಜಿನ, ಅಂದರೆ ಧಾನ್ಯಪೇಟೆಯ, ಒಬ್ಬ ಸಾವಕಾರರ ಲಾರಿ ಹುಮನಾಬಾದ್ ಕಡೆಯಿಂದ ಶೇಂಗಾ ಚೀಲ ಹೇರಿಕೊಂಡು ಬರುತ್ತಿತ್ತು. ಕಮಲಾಪುರದ ಪೇಟೆಗೆ ಮುಂಚೆ ರಸ್ತೆ ಉದ್ದಕ್ಕೂ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಲಾರಿ ನಿಲ್ಲಲಿಲ್ಲ. ಕೆಳಗೆ ಬೇವಿನ ಮರದ ಬುಡದಲ್ಲಿ ತಾಯಿ ಮಗಳು ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ತಾಯಿ ಅಲ್ಲೇ ಸತ್ತಳು. ಮಗಳ ಒಂದು ಕಾಲನ್ನು ದವಾಖಾನೆಯಲ್ಲಿ ತೊಡೆಯಿಂದ ಕೆಳಗೆ ತೆಗೆದರು.

ಡ್ರೈವರನನ್ನು ಚಾವಡಿಯ ಕಂಬಕ್ಕೆ ಕಟ್ಟಿದ್ದರು. ಊರವರು ಅವನನ್ನು ಚೆನ್ನಾಗಿ ಬಡಿದಿದ್ದರು, ಒಂದು ಕಣ್ಣು ಮುಚ್ಚಿಹೋಗಿತ್ತು. ಅಮೀನರು ತನಿಖೆ ಮುಗಿಸಿ ಎಲೆಯಡಿಕೆ ಹಾಕುತ್ತ ಕೂತಿದ್ದರು.

“ಬ್ರೇಕ್ ಬರಾಬರ್ ಅದಾವ ಮಿಸ್ತ್ರಿ. ನಾನ ನೋಡೀನಿ,” ಎಂದರು. “ಮಂದಿ ಕಡಿಂದ ಗಾಡಿ ನೂಕಿಸಿದೆ, ಒಳಗ ಕೂತು ಕಾಲು ಒತ್ತಿದೆ. ನಿಂತಿತು. ಈ ಬದ್ಮಾಶ್ ನಿದ್ದಿ ಹೊಡದಾನ, ಇಲ್ಲಂದ್ರ ಕುಡದಾನ. ನೀವು ಒಂದು ಸಹಿ ಮಾಡ್ರಿ, ಸಾಕು.”

“ಎಲ್ಲಿ ನೂಕಿಸಿದ್ರಿ ಸಾಹೇಬ್ರ?”

“ಇಲ್ಲೇ, ಚಾವಡಿ ಮುಂದ.”

ಚಾವಡಿಯ ಮುಂದೆ ನೆಲ ಹಾಸುಗಲ್ಲಿನ ಹಾಗೆ ಸಮ. ಲಾರಿಯ ಮೇಲೆ ಒಂದು ಚೀಲವೂ ಇಲ್ಲ. ಅಲ್ಲಿ ಬ್ರೇಕ್ ಇಲ್ಲದಿದ್ದರೂ ಗಾಡಿ ತಾನಾಗಿ ನಿಲ್ಲುತ್ತಿತ್ತು. ಇದನ್ನು ಹೇಳಿದರೆ ಅಮೀನರ ಮುಖ ಕೆಡುತ್ತದೆ, ಹೇಳದಿದ್ದರೆ ನನ್ನ ಕೆಲಸ ಕೆಡುತ್ತದೆ. ಹೇಳಿದೆ. ಅವರ ಮುಖ ಕೆಟ್ಟಿತು.

ಡ್ರೈವರನ ಹತ್ತಿರ ಕೂತು ಕೇಳಿದೆ. ಅವನು ನನ್ನ ಕಡೆ ನೋಡದೆ ಹೇಳಿದ.

“ಕಾಲು ಒತ್ತೀನ್ರಿ. ಎರಡೂ ಕಾಲು ಕೊಟ್ಟು ಎದ್ದ ನಿಂತೀನಿ. ಗಾಡಿ ಕೇಳಲಿಲ್ಲ.”

“ಕೈ ಬ್ರೇಕ್?”

“ಜಗ್ಗೀನ್ರಿ. ಅದೂ ಹಿಡೀಲಿಲ್ಲ.”

“ಗೇರ್ ಯಾಕ ಇಳಿಸಲಿಲ್ಲ?”

“ಇಳಸಾಕ ಹೋದೆ, ಬೀಳಲಿಲ್ರಿ. ಓಡೂ ಗಾಡಿಗಿ ಅದು ಎಲ್ಲಿ ಬೀಳತದ?” ಎಂದ. ಅದು ನಿಜವೇ. ಆ ಲಾರಿಗಳಲ್ಲಿ ವೇಗ ಹಿಡಿದ ಮೇಲೆ ಕೆಳಗಿನ ಗೇರು ಹಲ್ಲು ಕಡಿಯುತ್ತದೆಯೇ ಹೊರತು ಕೂರುವುದಿಲ್ಲ. ಆಗ ಗಾಡಿ ಎಂಜಿನ್ನಿನ ಹಿಡಿತವನ್ನೂ ಕಳೆದುಕೊಂಡು ಬಿಟ್ಟ ಬಾಣವಾಗುತ್ತದೆ.

ಅಮೀನರು ಬೇಡ ಬೇಡ ಎನ್ನುತ್ತಿದ್ದರೂ ಲಾರಿಗೆ ಮತ್ತೆ ಶೇಂಗಾ ಚೀಲ ಹೇರಿಸಿದೆ. ಎತ್ತುಗಳನ್ನು ಕಟ್ಟಿ ಅದನ್ನು ಇಳಿಜಾರಿನ ಬುಡದವರೆಗೆ ಎಳೆಸಿ, ಅಲ್ಲಿಂದ ಸ್ವಲ್ಪವೇ ಮೇಲಕ್ಕೆ ಹತ್ತಿಸಿದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಎತ್ತು ಬಿಚ್ಚಿಸಿದೆ. ಕೆಳಗೆ ಹಾದಿಗೆ ಅಡ್ಡ ಮರಳಿನ ಚೀಲ ಒಟ್ಟಿಸಿದೆ. ಆಮೇಲೆ ನಾನೇ ಒಳಗೆ ಕೂತು ಕಾಲಿನ ಬ್ರೇಕನ್ನು ಒತ್ತಿ ಹಿಡಿದು, ಕೈ ಬ್ರೇಕನ್ನೂ ಪೂರ್ತಿ ಎಳೆದು, ಕಲ್ಲು ತೆಗೆಯಲು ಹೇಳಿದೆ. ಕಲ್ಲು ತೆಗೆದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಲಾರಿ ಸದ್ದಿಲ್ಲದೆ ಜಾರತೊಡಗಿತು. ಇದ್ದ ಬಲವನ್ನೆಲ್ಲ ಹಾಕಿ ಒತ್ತಿದೆ, ಅದು ಜಾರುತ್ತಲೇ ಹೋಗಿ ಚೀಲಗಳಿಗೆ ಬಡಿಯಿತು. ಆ ಇಳಿಜಾರಿನ ತುದಿಯಿಂದ ಬಂದವನಿಗೆ ಹೇಗಾಗಿರಬೇಕು?

ಬ್ರೇಕ್ ಇತ್ತು, ಕಾಲಿನ ಒತ್ತನ್ನು ಅದಕ್ಕೆ ಮುಟ್ಟಿಸುವ ಕಬ್ಬಿಣದ ಸಲಾಕೆ ಇತ್ತು, ಮುರಿದದ್ದು ಏನೂ ಇರಲಿಲ್ಲ. ಆದರೂ ಹಿಡಿಯಲಿಲ್ಲ. ಏಕೆ ಎಂದು ನೋಡಲು ಮರಳಿನ ಮೇಲೆ ಮಲಗಿ ಹಿಂದಿನ ಚಕ್ರಗಳ ಕೆಳಗೆ ನುಸುಳಿದೆ. ಆ ಕಾಲದ ಲಾರಿಗಳಿಗೆ ಬ್ರೇಕ್ ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಚಕ್ರದ ಜೊತೆ ಒಂದು ಕಬ್ಬಿಣದ ಡ್ರಮ್ಮು ತಿರುಗುತ್ತದೆ. ಅದರ ಸುತ್ತ ಒಂದು ಉಕ್ಕಿನ ಪಟ್ಟಿ, ಪಟ್ಟಿಯ ಒಳಮೈಗೆ ದಪ್ಪ ನೇಯ್ಗೆಯ ಅಸ್ತರು. ಕಾಲು ಒತ್ತಿದರೂ ಕೈ ಬ್ರೇಕ್ ಎಳೆದರೂ ಇದೇ ಪಟ್ಟಿ ಬಿಗಿದು ಅಸ್ತರು ಡ್ರಮ್ಮನ್ನು ಹಿಡಿಯುತ್ತದೆ. ಎಲ್ಲ ಹೊರಗೇ, ಧೂಳಿಗೆ ಬಾಯಿ ತೆರೆದುಕೊಂಡೇ ಇರುತ್ತದೆ. ಹಾಗಾಗಿ ಅದು ಒತ್ತಿದಾಗಲೆಲ್ಲ ಚೀರುತ್ತದೆ.

ಪಟ್ಟಿ ಬಿಚ್ಚಿ ಅಸ್ತರನ್ನು ಹಿಂಡಿದೆ. ಬೆರಳುಗಳ ಸಂದಿಯಲ್ಲಿ ಎಣ್ಣೆ ಇಳಿಯಿತು. ಬೂದಿ ಹಚ್ಚಿ ತಿಕ್ಕಿದ್ದು ಕಬ್ಬಿಣವನ್ನು ಹೊಳೆಸಿತ್ತೇ ಹೊರತು ನೇಯ್ಗೆಯ ಒಳಗೆ ಇಳಿದದ್ದನ್ನು ಮುಟ್ಟಿರಲಿಲ್ಲ.

ಎಣ್ಣೆ ಎಲ್ಲಿಂದ ಬಂತು ಎಂಬುದೇ ಮುಂದಿನ ಪ್ರಶ್ನೆ. ಚಕ್ರದ ಅಚ್ಚಿನಿಂದ ಗೇರಿನ ಎಣ್ಣೆ ಸೋರಿದ್ದರೆ ತಪ್ಪು ಯಂತ್ರದ್ದು. ಆದರೆ ಇದರ ಅಂಟು ಬೇರೆ, ವಾಸನೆ ಬೇರೆ. ಅಸ್ತರಿನ ಒಂದು ತುಂಡನ್ನು ಕಲಬುರ್ಗಿಗೆ ತಂದು, ದವಾಖಾನೆಯಿಂದ ಸ್ಪಿರಿಟ್ ಬೇಡಿ ತಂದೆ. ಮೋಟಾರಿನ ಎಣ್ಣೆ ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ, ತಳಕ್ಕೆ ಬೇರೆಯಾಗಿ ನಿಲ್ಲುತ್ತದೆ. ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕರಗುತ್ತದೆ. ಇಬ್ಬರು ಪಂಚರನ್ನು ಎದುರಿಗೆ ಕೂರಿಸಿಕೊಂಡು ಎರಡು ಸೀಸೆಗಳಲ್ಲಿ ಅಲುಗಾಡಿಸಿ ತೋರಿಸಿದೆ. ಗೇರಿನ ಎಣ್ಣೆ ತಳದಲ್ಲಿ ಕಪ್ಪಾಗಿ ಕೂತಿತು. ಅಸ್ತರಿನಿಂದ ಹಿಂಡಿದ್ದು ಸ್ಪಿರಿಟ್ಟಿನಲ್ಲಿ ಕಾಣದಾಯಿತು. ಔಡಲೆಣ್ಣೆ ಅಂಥ ಲಾರಿಯ ಯಾವ ಭಾಗದಿಂದಲೂ ಸೋರುವುದಿಲ್ಲ. ಯಾರೋ ಕೈಯಾರೆ ಹಾಕಿದ್ದು.

ಜೇಲಿಗೆ ಹೋಗಿ ಡ್ರೈವರನನ್ನು ಕೇಳಿದೆ. ಅವನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವನಿಗೆ ಅನ್ನಿಸಿರಲೂ ಇಲ್ಲ.

“ಅವ್ವ ಹಾಕ್ತಾಳ್ರಿ. ಸಾವಕಾರ್ರ ತಾಯಿ. ಅಮಾಸಿಗೊಮ್ಮಿ ಗಾಲಿ ತೊಳದು, ಇಭೂತಿ ಹಚ್ಚಿ, ಎಣ್ಣಿ ಹಾಕ್ತಾಳ. ಬಂಡಿ ಇದ್ದಾಗಿಂದನೂ ಆಕಿನೇ.”

ಸಾವಕಾರರ ಮನೆತನ ಲಾರಿ ಕೊಳ್ಳುವ ಮುಂಚೆ ಎತ್ತಿನ ಬಂಡಿಗಳಲ್ಲಿ ಸರಕು ಸಾಗಿಸುತ್ತಿತ್ತು. ಬಂಡಿಯ ಗಾಲಿ ಚೀರಿದರೆ ಅದು ಎಣ್ಣೆ ಕೇಳುತ್ತಿದೆ ಎಂದು ಅರ್ಥ. ಒಣಗಿದ ಅಚ್ಚು ಹೊತ್ತಿಕೊಂಡೀತು, ಎತ್ತು ಬಸವಳಿದೀತು ಎಂದು ಅಮಾವಾಸ್ಯೆಗೆ ತಪ್ಪದೆ ಔಡಲೆಣ್ಣೆ ಹಾಕುತ್ತಿದ್ದರು. ಈ ಡ್ರೈವರ್ ಆ ಬಂಡಿಗಳನ್ನೇ ಹೊಡೆಯುತ್ತಿದ್ದವನು. ಬಂಡಿ ಹೋಯಿತು, ಲಾರಿ ಬಂತು, ಅವನ ಕೈಗೆ ಬಾರುಕೋಲಿನ ಬದಲು ಸ್ಟೀರಿಂಗ್ ಕೊಟ್ಟರು. ಲಾರಿಯೂ ಚೀರಿತು. ಅದಕ್ಕೂ ಎಣ್ಣೆ ಹಾಕಿದರು.

ಅಂದು ಮಧ್ಯಾಹ್ನ ಗಂಜಿಗೆ ಹೋಗಿ, ನಿಂತಿದ್ದ ಬೇರೆ ಸಾವಕಾರರ ಲಾರಿಗಳ ಡ್ರಮ್ಮಿಗೆ ಬೆರಳು ಹಚ್ಚುತ್ತ ನಡೆದೆ. ಹಮಾಲರು ನನಗೆ ತಲೆ ಕೆಟ್ಟಿದೆ ಎಂದು ನಗುತ್ತಿದ್ದರು. ಹೆಚ್ಚುಕಮ್ಮಿ ಎಲ್ಲ ಲಾರಿಗಳಲ್ಲೂ ಬೆರಳು ಜಿಡ್ಡಾಯಿತು. ಎಲ್ಲರೂ ಹಿಂದೆ ಬಂಡಿ ಇಟ್ಟವರೇ. ಸಮ ರಸ್ತೆಯಲ್ಲಿ ಗಾಡಿ ಹೇಗೋ ನಿಲ್ಲುತ್ತದೆ, ದೊಡ್ಡ ಇಳಿಜಾರು ಬರುವ ತನಕ ಯಾರಿಗೂ ತಿಳಿಯುವುದಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಮಾರನೆಯ ದಿನ ಸಾವಕಾರರು ಕಾರ್ಖಾನೆಗೆ ಬಂದರು. ಕೈಮುಗಿದು ನಿಂತರು. ದುಡ್ಡಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಬೈದು ಕಳಿಸುವುದು ಸುಲಭವಾಗುತ್ತಿತ್ತು.

“ಮಿಸ್ತ್ರಿ ಸಾಹೇಬ್ರ, ಸಲಾಕಿ ಮುರದಿತ್ತು ಅಂತ ಬರೀರಿ. ಕಬ್ಬಣ ಅದ, ಮುರೀತದ. ಕಬ್ಬಣಕ್ಕ ಯಾರು ಜೇಲು ಹಾಕ್ತಾರ? ನಮ್ಮ ಡ್ರೈವರನೂ ಹೊರಗ ಬರ್ತಾನ, ಅವ್ವನ ಹೆಸರೂ ಕೋರ್ಟಿಗಿ ಬರಂಗಿಲ್ಲ. ನಿಮಗ ಏನ್ ಹೋಗತದ?”

“ಸಲಾಕಿ ಮುರದಿಲ್ರಿ.”

“ಮುರೀರಿ ಹಂಗಾದ್ರ. ಹತೋಡಿ ನಿಮ್ಮ ಕೈಯಾಗ ಅದ.”

ಕೆಟ್ಟ ಮನುಷ್ಯ ಎನ್ನಲಾರೆ. ತಾಯಿಯನ್ನು ಉಳಿಸಿಕೊಳ್ಳಲು ಬಂದಿದ್ದ, ಡ್ರೈವರನನ್ನು ಬಿಡಿಸಿಕೊಳ್ಳುವ ಮನಸ್ಸೂ ಇತ್ತು. ಆ ಸುತ್ತಿಗೆ ಎತ್ತಿದ್ದರೆ ಡ್ರೈವರ್ ಆ ವಾರವೇ ಮನೆಗೆ ಹೋಗುತ್ತಿದ್ದ. ಆದರೆ ಗಂಜಿನ ಲಾರಿಗಳು ನನ್ನ ಕಣ್ಣ ಮುಂದೆ ಇದ್ದವು. ಸಲಾಕೆ ಮುರಿಯಿತು ಎಂದು ಬರೆದರೆ ಅವರೆಲ್ಲ ಸಲಾಕೆ ನೋಡಿಕೊಂಡು, ಎಣ್ಣೆ ಹಾಕಿಕೊಂಡು ಇನ್ನೊಂದು ಇಳಿಜಾರಿಗೆ ಹೋಗುತ್ತಾರೆ. ಅಲ್ಲದೆ ನಿಜ ಬರೆದರೆ ಡ್ರೈವರ್ ಉಳಿಯುತ್ತಾನೆ ಎಂದೇ ನಾನು ನಂಬಿದ್ದೆ. ಎಣ್ಣೆ ಹಾಕಿದ್ದು ಮಾಲೀಕನ ಮನೆಯವರು, ಹಾಕಿದ್ದು ಮಾಲೀಕನ ಅಂಗಳದಲ್ಲಿ. ಇವನು ಬರೀ ಕೂಲಿಯವನು. ಕಾನೂನು ಮಾಲೀಕನನ್ನು ಹಿಡಿಯದೆ ಹೇಗೆ ಬಿಟ್ಟೀತು?

ಔಡಲೆಣ್ಣೆ ಎಂದು ಬರೆದೆ. ಯಾರು, ಯಾವಾಗ, ಎಲ್ಲಿ ಹಾಕಿದರು ಎಂದು ಕೇಳಿ ತಿಳಿದದ್ದನ್ನೂ ಬರೆದೆ. ಆ ಹಿರಿಯಳನ್ನು ವಿಚಾರಿಸಬೇಕೆಂದು ಕೊನೆಗೆ ಸೇರಿಸಿದೆ. ಇಂದು ಬರೆ ಎಂದರೂ ಅದನ್ನೇ ಬರೆಯುತ್ತೇನೆ.

ಮನೆತನದ ಹಿರಿಯ ಹೆಂಗಸನ್ನು ಅದಾಲತ್ತಿಗೆ ಎಳೆಯುವಂತಿರಲಿಲ್ಲ. ನ್ಯಾಯಾಧೀಶರು ಒಬ್ಬ ವಕೀಲರನ್ನು ಕಮಿಶನರ್ ಎಂದು ನೇಮಿಸಿ, ಮನೆಗೇ ಹೋಗಿ ಹೇಳಿಕೆ ಬರೆದುಕೊಳ್ಳಲು ಕಳಿಸಿದರು. ಎಣ್ಣೆ ಹಾಕಿದ ಜಾಗ ಗುರುತಿಸಲು ನಾನೂ ಜೊತೆಗೆ ಹೋದೆ. ಮನೆ ಕಲಬುರ್ಗಿಯ ಗಾಜಿಪುರದಲ್ಲಿ. ಬಾಗಿಲಲ್ಲೇ ಸಾವಕಾರರು ತಡೆದು, “ಮುಪ್ಪಿನ ಜೀವ ಅದ, ಎದಿ ಗಟ್ಟಿ ಇಲ್ಲ. ಎಣ್ಣಿ ಹಾಕಿದ್ದು ಅಷ್ಟ ಕೇಳ್ರಿ. ಯಾಕ ಕೇಳ್ತೀರಂತ ಹೇಳಬ್ಯಾಡ್ರಿ,” ಎಂದು ಬೇಡಿಕೊಂಡರು. ಕಮಿಶನರರು ಒಪ್ಪಿದರು. ಕೇಳಬೇಕಾದದ್ದು ಅಷ್ಟೇ ಎಂದರು.

ಆಕೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಹಣೆ ತುಂಬ ವಿಭೂತಿ. ಸರಕಾರದವರು ತನ್ನ ಎಣ್ಣೆಯ ವಿಷಯ ಕೇಳಲು ಬಂದದ್ದು ಆಕೆಗೆ ಹಿಗ್ಗೇ ಆಗಿತ್ತು.

“ನಾನ ಹಾಕ್ತೀನಿ ತಮ್ಮಾ, ಮತ್ಯಾರು ಹಾಕ್ತಾರ? ಸೊಸ್ತೇರಿಗಿ ಗಾಲಿ ಒದರೂದು ಕೇಳಂಗಿಲ್ಲ. ನನಗ ಕಣ್ಣು ಮಬ್ಬು. ಎಲ್ಲಿ ಹಾಕಬೇಕಂತ ಡ್ರೈವರ ತೋರಸ್ತಾನ. ಎಲ್ಲಿ ಚೀರತದೋ ಅಲ್ಲಿ ಬಟ್ಟು ಇಡತಾನ, ನಾ ಹಾಕ್ತೀನಿ. ಹೊಟ್ಟಿಲೆ ಹುಟ್ಟಿದ ಮಗಾ ಅಷ್ಟು ನೆದರಿಟ್ಟು ನೋಡಂಗಿಲ್ಲ, ಅವ ನೋಡತಾನ. ಯಾವಾಗ ಬಿಡತಾರ ಅವನ್ನ?”

ಕಮಿಶನರರ ಲೇಖನಿ ಉರ್ದುವಿನಲ್ಲಿ ಓಡುತ್ತಿತ್ತು. ‘ಡ್ರೈವರ್ ಬೆರಳಿಟ್ಟು ತೋರಿಸುತ್ತಾನೆ’ ಎಂಬಲ್ಲಿ ಅವರು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದರು. ನನಗೆ ಅದರ ಭಾರ ಆಗ ತಿಳಿಯಲಿಲ್ಲ. ಆಕೆ ಅವನನ್ನು ಹೊಗಳುತ್ತಿದ್ದಾಳೆ ಎಂದುಕೊಂಡೆ.

ವಿಚಾರಣೆಯ ದಿನ ಸಾವಕಾರರ ವಕೀಲರು ನನ್ನನ್ನು ಗೌರವದಿಂದಲೇ ಪ್ರಶ್ನಿಸಿದರು. ಎಲ್ಲ ಉರ್ದುವಿನಲ್ಲಿ. ನನ್ನ ವರದಿಯನ್ನು ಹೊಗಳಿದರು. ಸ್ಪಿರಿಟ್ಟಿನ ಪರೀಕ್ಷೆಯನ್ನು ಒಪ್ಪಿಕೊಂಡರು. ಬ್ರೇಕ್ ಹಿಡಿಯದ್ದಕ್ಕೆ ಔಡಲೆಣ್ಣೆಯೇ ಕಾರಣ ಎಂಬುದನ್ನೂ ಒಪ್ಪಿಕೊಂಡರು. ಆಮೇಲೆ ಕೇಳಿದರು:

“ಬ್ರೇಕಿಗೆ ಎಣ್ಣೆ ತಾಗಬಾರದು ಎಂಬುದು ಮೋಟಾರು ನಡೆಸುವವನು ತಿಳಿದಿರಬೇಕಾದ ಮಾತೇ?”

“ಹೌದು.”

“ಲೈಸೆನ್ಸು ಯಾರ ಹೆಸರಿನಲ್ಲಿದೆ? ಮಾಲೀಕರದ್ದೋ, ಅವರ ತಾಯಿಯದ್ದೋ, ಡ್ರೈವರನದ್ದೋ?”

“ಡ್ರೈವರನದ್ದು.”

“ಎಣ್ಣೆ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವನು ಯಾರು?”

ಕಾಗದದಲ್ಲಿ ಬರೆದದ್ದು ಅವರ ಕೈಯಲ್ಲೇ ಇತ್ತು. ನಾನು ನ್ಯಾಯಾಧೀಶರ ಕಡೆ ತಿರುಗಿ, ಆ ಲೈಸೆನ್ಸು ಹೇಗೆ ಸಿಕ್ಕಿತು ಎಂಬುದನ್ನು ಹೇಳಲು ಅಪ್ಪಣೆ ಕೇಳಿದೆ. ನಿಜಾಮರು ಬಂದಾಗ ಇಳಿದುಕೊಳ್ಳುವ ಐವಾನ್-ಎ-ಶಾಹಿಯ ಮುಂದಿನ ರಸ್ತೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿಯನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿ, ಅವರನ್ನು ಅವರ ಮನೆಯ ಬಾಗಿಲಿಗೆ ಇಳಿಸಿದ್ದಷ್ಟೇ ಅವನ ಪರೀಕ್ಷೆ. ಬ್ರೇಕಿನ ಒಳಗೆ ಏನಿದೆ ಎಂದು ಅವನಿಗೆ ಯಾರೂ ತೋರಿಸಿರಲಿಲ್ಲ. ನ್ಯಾಯಾಧೀಶರು ಕೈಯೆತ್ತಿದರು. ಕೇಳಿದ್ದಕ್ಕೆ ಮಾತ್ರ ಜವಾಬು ಕೊಡಿ ಎಂದರು. ನಾನು ಕೊಟ್ಟೆ.

ತೀರ್ಪು ಚಿಕ್ಕದು. ಮಾಲೀಕ ಒಳ್ಳೆಯ ಗಾಡಿ ಕೊಟ್ಟಿದ್ದ. ಮನೆಯ ಮುದುಕಿ ದೇವರ ಕೆಲಸವೆಂದು ಎಣ್ಣೆ ಹಾಕಿದಳು, ಆಕೆಗೆ ಮೋಟಾರಿನ ತಿಳಿವಳಿಕೆ ಇರಬೇಕಾಗಿಲ್ಲ. ತಿಳಿವಳಿಕೆ ಇರಬೇಕಾದವನು ಒಬ್ಬನೇ, ಸರಕಾರ ಅವನಿಗೆ ಲೈಸೆನ್ಸು ಕೊಟ್ಟಿದೆ. ಅವನು ಎಣ್ಣೆ ಹಾಕಿಸಿ, ಅದೇ ಗಾಡಿಯನ್ನು ಭಾರ ಹೇರಿ ಇಳಿಜಾರಿಗೆ ಬಿಟ್ಟ. ಅವನಿಗೆ ಕಠಿಣ ಸಜೆ. ಲಾರಿಯನ್ನು ಮಾಲೀಕನ ವಶಕ್ಕೆ ಕೊಡತಕ್ಕದ್ದು.

ನನ್ನ ವರದಿಯ ಒಂದೊಂದು ಸಾಲೂ ಆ ತೀರ್ಪಿನಲ್ಲಿತ್ತು. ನಾನು ಬಿಚ್ಚಿ ಹಿಂಡಿ ಕರಗಿಸಿ ತೋರಿಸಿದ ನಿಜದಿಂದಲೇ ಅವನಿಗೆ ಹಗ್ಗ ಹೊಸೆದಿದ್ದರು. ಸುಳ್ಳು ಬರೆದಿದ್ದರೆ ಅವನು ಮನೆಯಲ್ಲಿರುತ್ತಿದ್ದ. ಇದನ್ನು ನುಂಗಿಕೊಳ್ಳಲು ನನಗೆ ಇನ್ನೂ ಆಗಿಲ್ಲ.

ಅದಾಲತ್ತಿನ ಹಿತ್ತಲಲ್ಲಿ ಬೇಡಿ ಹಾಕಿ ಅವನನ್ನು ಕೂರಿಸಿದ್ದರು. ಜವಾನನಿಗೆ ಹೇಳಿ ಹತ್ತಿರ ಹೋದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲ ಇತ್ತು.

“ಸಾಹೇಬ್ರ, ಅವರು ಉರ್ದುದಾಗ ಅಂದದ್ದು ನನಗ ತಿಳೀಲಿಲ್ಲ. ತೇಲ್ ತೇಲ್, ಎಣ್ಣಿ ಎಣ್ಣಿ, ಅಂದದ್ದು ಅಷ್ಟ ಕೇಳಿಸ್ತು. ನನಗ ಯಾಕ ಸಜಾ ಆತು?”

ಅಷ್ಟೂ ದಿನ ಅವನ ಮೇಲೆ ಮೊಕದ್ದಮೆ ನಡೆದಿತ್ತು. ಅವನಿಗೆ ತಿಳಿಯುವ ಮಾತಿನಲ್ಲಿ ಯಾರೂ ಒಂದು ಸಾಲನ್ನೂ ಹೇಳಿರಲಿಲ್ಲ. ಜೇಲಿನಲ್ಲಿ ನಾನೂ ಕೇಳಿಕೊಂಡು ಬಂದಿದ್ದೆನೇ ಹೊರತು ಹೇಳಿರಲಿಲ್ಲ. ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಎಣ್ಣೆ ಹಚ್ಚಿದ ಕೈಯಲ್ಲಿ ಬಾವಿಯ ಹಗ್ಗ ಹಿಡಿದರೆ ಏನಾಗುತ್ತದೆಂದು ಹೇಳಿದೆ. ಅಸ್ತರು ಎಂದರೆ ಆ ಕೈ ಎಂದೆ. ಅವನು ಬೇಡಿ ಹಾಕಿದ ಕೈಗಳನ್ನೇ ನೋಡುತ್ತ ಕೇಳಿಸಿಕೊಂಡ. ಆಮೇಲೆ ಕೇಳಿದ.

“ಅಂದ್ರ, ಅದು ಚೀರತಿತ್ತು ಅಂದ್ರ, ಹಿಡದದ ಅಂತ ಅರ್ಥ ಏನ್ರಿ?”

“ಹೂಂ.”

“ನಾನೇ ಬಟ್ಟು ಇಟ್ಟಿನಲ್ರಿ,” ಎಂದ. ಜವಾನ ಅವನನ್ನು ಎಬ್ಬಿಸಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ, “ಅವ್ವಗ ಹೇಳಬ್ಯಾಡ್ರಿ. ಮುಪ್ಪಿನಾಕಿ,” ಎಂದ.

ನಾನು ಹೂಂ ಎನ್ನಲಿಲ್ಲ. ಲಾರಿ ಇನ್ನು ಗಾಜಿಪುರದ ಅಂಗಳಕ್ಕೆ ಹೋಗುತ್ತದೆ. ಹೊಸ ಅಸ್ತರು ಹಾಕಿಸುತ್ತಾರೆ, ಹೊಸ ಡ್ರೈವರ್ ಬರುತ್ತಾನೆ. ಹೊಸ ಅಸ್ತರು ಹಳೆಯದಕ್ಕಿಂತ ಜೋರಾಗಿ ಚೀರುತ್ತದೆ. ಅಮಾವಾಸ್ಯೆ ಯಾರಿಗೂ ಕಾಯುವುದಿಲ್ಲ. ಎಲ್ಲರೂ ಆಕೆಯ ಮೇಲೆ ಕರುಣೆ ತೋರಿಸಿ ಸುಮ್ಮನಿದ್ದರೆ ಆಕೆ ಮತ್ತೆ ಎಣ್ಣೆ ಹಾಕುತ್ತಾಳೆ. ಅಂಥ ಕರುಣೆಯ ಮೇಲೆ ನನಗೆ ಅಸಹ್ಯ ಬಂದಿತ್ತು. ನೇರ ಅಲ್ಲಿಗೆ ನಡೆದೆ.

ಸಾವಕಾರರು ಬಾಗಿಲಿಗೆ ಬಂದರು. “ಎಲ್ಲಾ ಮುಗೀತಲ್ರಿ ಇನ್ನ?” ಎಂದರು.

“ಅವ್ವಗ ಹೇಳೀರೇನ್ರಿ?”

“ಹೇಳ್ತೀನ್ರಿ. ಆಮ್ಯಾಲ, ಸಮಾಧಾನದಿಂದ.”

ಅವರು ಹೇಳುವವರಲ್ಲ ಎಂದು ಅವರ ಕಣ್ಣೇ ಹೇಳುತ್ತಿತ್ತು. ಅವರ ಹೆಗಲ ಮೇಲಿಂದ ಒಳಗೆ ನೋಡಿ, “ಅವ್ವಾ, ಹೊರಗ ಬರ್ರಿ,” ಎಂದು ಕೂಗಿದೆ. ಆಕೆ ಗೋಡೆ ಹಿಡಿದುಕೊಂಡು ಬಂದಳು. ಮಗ ನನ್ನ ತೋಳು ಹಿಡಿದು ಜಗ್ಗುತ್ತಿರುವಾಗಲೇ ಎಲ್ಲ ಹೇಳಿದೆ. ಎಣ್ಣೆ, ಅಸ್ತರು, ಇಳಿಜಾರು, ಬಾಳೆಹಣ್ಣಿನ ಹೆಂಗಸು, ಕಾಲು ಹೋದ ಮಗಳು, ಸಜೆ. ಏನನ್ನೂ ಸವರಿ ಹೇಳಲಿಲ್ಲ.

ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಳಲಿಲ್ಲ.

“ನಾ ಹಾಕಿದ ಎಣ್ಣಿಗೇ ಆ ಹೆಣ್ಣಮಗಳು ಸತ್ತಳೇನು?”

“ಹೌದವ್ವ.”

“ಮತ್ತ ಅವನ್ನ ಯಾಕ ಒಯ್ದಾರ? ನಾ ಇಲ್ಲೇ ಮನಿಯಾಗ ಇದ್ದೆನಲ್ಲೋ ತಮ್ಮಾ.”

ಆಕೆ ಸೆರಗು ಹೊದ್ದುಕೊಂಡು, “ನಡಿ, ನಾ ಬಂದು ಹೇಳ್ತೀನಿ ಅವರಿಗಿ,” ಎಂದು ಹೊಸ್ತಿಲು ದಾಟಿದಳು. ಮಗ ಆಕೆಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ. ಅಗಳಿ ಬಿದ್ದ ಸದ್ದು ಕೇಳಿಸಿತು. ನಾನು ಬೀದಿಯಲ್ಲೇ ನಿಂತಿದ್ದೆ. ಆಕೆ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳು.